ಮಲಕ್ಕಾ ಕಸಿದವರು ಡಚ್ಚರು, ಬ್ರಿಟಿಷರಲ್ಲ

ಮಾನ್ಯರೇ,

ಶನಿವಾರದ ಶಾಲಾ ಕ್ವಿಜ್ ‘ಯಶಸ್ವಿಯಾಗಿ ಮುಗಿಯಿತು’ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನಾನೂ ಅಲ್ಲೇ ಕೂತಿದ್ದೆ. ಯಾವ ಯಶಸ್ಸೂ ನನಗೆ ಕಾಣಲಿಲ್ಲ.

ಪೋರ್ಚುಗೀಸರಿಂದ ಮಲಕ್ಕಾವನ್ನು ಕಸಿದುಕೊಂಡವರು ಯಾರು? ಇದು ಕೊನೆಯ ಸುತ್ತಿನ ಪ್ರಶ್ನೆ. ಮಲಕ್ಕಾ ಎಂದರೆ ಈಗಿನ ಮಲೇಷ್ಯಾದ ಬಂದರು ಊರು. ಎಂಟನೇ ಕ್ಲಾಸಿನ ನನ್ನ ಮೊಮ್ಮಗಳು ಡಚ್ಚರು ಎಂದಳು. ತಪ್ಪು, ಬ್ರಿಟಿಷರು ಎಂದರು ಕ್ವಿಜ್ ನಡೆಸುವವರು. ಬಹುಮಾನ ಕೈತಪ್ಪಿತು. ಅವಳ ಉತ್ತರವೇ ಸರಿ ಎಂದು ನಾನು ಎದ್ದು ನಿಂತು ಹೇಳಿದೆ. ‘ಎಲ್ಲರೂ ಯುರೋಪಿನವರೇ ಅಲ್ವಾ ಮೇಡಂ, ಕೂತ್ಕೊಳ್ಳಿ’ ಎಂದುಬಿಟ್ಟರು. ಮೂವತ್ತು ವರ್ಷ ಸಮಾಜ ಪಾಠ ಮಾಡಿದವಳು ನಾನು. ಆ ಮಾತು ಇನ್ನೂ ಚುಚ್ಚುತ್ತಿದೆ.

1511ರಲ್ಲಿ ಮಲಕ್ಕಾ ಹಿಡಿದವನು ಪೋರ್ಚುಗೀಸರ ದಳಪತಿ ಅಲ್ಬುಕರ್ಕ್. ಅದಕ್ಕೆ ಒಂದು ವರ್ಷ ಮೊದಲು ಗೋವಾ ಹಿಡಿಯಲು ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ. ಹಾಗಾಗಿ ಕರಾವಳಿಯ ಮಕ್ಕಳಿಗೆ ಇದು ಯಾರದೋ ಕಥೆಯಲ್ಲ. ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1602ರಲ್ಲಿ. ಮರುವರ್ಷವೇ ಅವರು ಸಿಂಗಪುರದ ಹತ್ತಿರ ಸಾಂತಾ ಕತರೀನಾ ಎಂಬ ಪೋರ್ಚುಗೀಸ್ ಹಡಗನ್ನು ಸರಕಿನ ಸಮೇತ ಹಿಡಿದರು. ಅದರಲ್ಲಿದ್ದ ಚೀನಾದ ರೇಷ್ಮೆ, ಪಿಂಗಾಣಿ ಎಲ್ಲ ಹರಾಜಾಗಿ ಡಚ್ಚರ ನಾಣ್ಯದಲ್ಲಿ 30 ಲಕ್ಷ ಗಿಲ್ಡರ್‌ಗೂ ಜಾಸ್ತಿ ಬಂತು. 1606ರಲ್ಲಿ ಮಲಕ್ಕಾಕ್ಕೇ ಮುತ್ತಿಗೆ ಹಾಕಿದರು, ಆಗಲಿಲ್ಲ. ಆದರೂ ಬಿಡಲಿಲ್ಲ. 1636ರಿಂದ ವರ್ಷವರ್ಷವೂ ಗೋವಾದ ಎದುರಿಗೆ ಹಡಗು ತಂದು ನಿಲ್ಲಿಸಿದರು. ಗೋವಾವನ್ನೇ ಕಟ್ಟಿಹಾಕಿದರೆ ಮಲಕ್ಕಾಕ್ಕೆ ಸಹಾಯ ಹೋಗುವುದೆಲ್ಲಿಂದ? ಕೊನೆಗೆ ಪಕ್ಕದ ಜೋಹೋರ್ ರಾಜ್ಯದ ಸುಲ್ತಾನನನ್ನು ಜೊತೆಗೆ ಸೇರಿಸಿಕೊಂಡು ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಒಳಗೆ ಜನ ಹಸಿವಿನಿಂದ, ರೋಗದಿಂದ ಸತ್ತರು. 1641ರ ಜನವರಿಯಲ್ಲಿ ಕೋಟೆ ಬಿತ್ತು. ಬ್ರಿಟಿಷರು ಅದನ್ನು ಪಡೆದದ್ದು 1795ರಲ್ಲಿ, ಅದೂ ಡಚ್ಚರಿಂದ. ಖಾಯಂ ಆಗಿ ಸಿಕ್ಕಿದ್ದು 1824ರ ಒಪ್ಪಂದದಲ್ಲಿ. ಅದಕ್ಕೆ ಬದಲಾಗಿ ಸುಮಾತ್ರಾದ ಬೆಂಕೂಲನ್ ಬಿಟ್ಟುಕೊಟ್ಟರು.

ಎಲ್ಲರೂ ಒಂದೇ ಆಗಿದ್ದರೆ 1623ರಲ್ಲಿ ಈಗಿನ ಇಂಡೊನೇಷ್ಯಾದ ಅಂಬೋನ್‌ನಲ್ಲಿ ಡಚ್ಚರು 10 ಮಂದಿ ಇಂಗ್ಲಿಷರ ತಲೆ ಕಡಿಸುತ್ತಿದ್ದರಾ? ಜಾಯಿಕಾಯಿ ತಮಗಷ್ಟೇ ಸಿಗಬೇಕು, ಇಂಗ್ಲಿಷರಿಗೆ ಸಿಗಬಾರದು ಎಂದು 1621ರಲ್ಲಿ ಅಲ್ಲೇ ಹತ್ತಿರದ ಬಾಂದಾ ದ್ವೀಪಗಳ ಜನರನ್ನು ಕೊಂದರು, ಉಳಿದವರನ್ನು ಗುಲಾಮರಾಗಿ ಸಾಗಿಸಿದರು. ಯಾರು ಮಾಡಿದರು ಎಂಬುದೇ ಬೇಡವೆಂದರೆ ಸತ್ತವರಿಗೆ ನಾವು ಕೊಡುವ ಮರ್ಯಾದೆ ಏನು?

ಪುಸ್ತಕ ತೋರಿಸೋಣ ಎಂದು ಮಂಗಳವಾರ ಮಳೆಯಲ್ಲಿ ಎರಡು ಬಸ್ ಬದಲಿಸಿ ಲೈಬ್ರರಿಗೆ ಹೋದೆ. ಇತಿಹಾಸದ ಬೀರುವಿಗೆ ಬೀಗ. ಕೀಲಿ ಇರುವವರು ರಜೆ. ಮಾಡು ಸೋರಿ ಕೆಳಗಿನ ಸಾಲಿನ ಪುಸ್ತಕಗಳೆಲ್ಲ ಉಬ್ಬಿವೆ. ಪ್ರತಿ ವರ್ಷ ಮನೆ ತೆರಿಗೆ ಜೊತೆ ನಾವು ಕಟ್ಟುವ ಗ್ರಂಥಾಲಯ ಕರ ಎಲ್ಲಿ ಹೋಗುತ್ತಿದೆ? ಅಲ್ಲಿಂದ ಕಚೇರಿಗೆ ನಡೆದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಅರ್ಜಿ ಬರೆದು ಜೆರಾಕ್ಸ್ ಲಗತ್ತಿಸಿ ಎಂದರು. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇಲ್ಲ. ಮಂಡಿನೋವು ಇಟ್ಟುಕೊಂಡು ಸಂಜೆ ಐದರವರೆಗೆ ಮೆಟ್ಟಿಲ ಮೇಲೆ ಕೂತೆ. ಒಂದು ಕುರ್ಚಿ ಕೂಡ ಕೊಡಲಿಲ್ಲ.

ಇದು ಇವತ್ತಿನದಲ್ಲ. ನಾನು ಕೆಲಸದಲ್ಲಿದ್ದಾಗ ಏಷ್ಯಾದ ಒಂದು ಭೂಪಟ ಕೊಡಿ ಎಂದು ಮೂರು ಸಲ ಬರೆದಿದ್ದೆ. ನಾನು ರಿಟೈರ್ ಆದೆ, ಭೂಪಟ ಬರಲಿಲ್ಲ. ಮಲಕ್ಕಾ ಜಲಸಂಧಿ ಎಲ್ಲಿದೆ ಎಂದು ಕಪ್ಪುಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ತೋರಿಸಿದೆ. ಅದೇ ಪಾಠವನ್ನು ಮನೆಯಲ್ಲಿ ಕಲಿತು ಹೋದ ಮಗುವಿಗೆ ಈಗ ತಪ್ಪು ಅಂತೀರಾ?

ಆ ಅಂಕ ವಾಪಸ್ ಕೊಡಬೇಕು. ಆಗದಿದ್ದರೆ ಉತ್ತರ ಸರಿ ಇತ್ತು ಎಂದಾದರೂ ಎಲ್ಲರೆದುರು ಹೇಳಬೇಕು. ಪ್ರಶ್ನೆ ಬರೆಯುವವರು ಓದಿಕೊಂಡು ಬರಬೇಕು. ಲೈಬ್ರರಿಯ ಬೀಗ ತೆಗೆಸಬೇಕು, ಮಾಡು ರಿಪೇರಿ ಆಗಬೇಕು. ಸಂಬಂಧಪಟ್ಟವರು ಏನಾದರೂ ಮಾಡಿ. ಸುಮ್ನೆ ವೇದಿಕೆ ಹತ್ತಿ ಶಾಲು ಹೊದ್ದುಕೊಳ್ಳಲು ನಾಚಿಕೆಯಾಗಬೇಕು ನಿಮಗೆ.

– ನಿವೃತ್ತ ಶಿಕ್ಷಕಿ