ಕೊಣಾಜೆಯ ಕವಿತಾ ವಾಚನಕ್ಕೆ ಬರುವವರ ಗಮನಕ್ಕೆ

ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ. ಶನಿವಾರದ ಕವಿತಾ ವಾಚನವು ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನಲ್ಲಲ್ಲ, ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಅಂದರೆ ಮಂಗಳೂರು ವಿಶ್ವವಿದ್ಯಾನಿಲಯದ ಆವರಣದಲ್ಲಿ ನಡೆಯಲಿದೆ ಎಂಬುದನ್ನು ಗಮನಿಸಬೇಕಾಗಿ ವಿನಂತಿ. ಆ ಕಾಲೇಜಿನ ರವೀಂದ್ರ ಕಲಾಭವನದ ಎದುರು ನಿಂತು ಕರೆ ಮಾಡುವವರು ಪ್ರತಿ ಸಲವೂ ಇರುತ್ತಾರೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟು, ದೇರಳಕಟ್ಟೆ ಮಾರ್ಗವಾಗಿ ಬಸ್ಸುಗಳಿವೆ.

1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭಗೊಂಡು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಈ ಸಂಸ್ಥೆಯ ಕನ್ನಡ ವಿಭಾಗವು, ಕಾಳಿದಾಸನ ಕೃತಿಗಳನ್ನು ಕನ್ನಡಕ್ಕೆ ತಂದ ಕವಿ ಎಸ್.ವಿ. ಪರಮೇಶ್ವರ ಭಟ್ಟರ ಹೆಸರನ್ನು ಹೊತ್ತಿದೆ. ಅಂಥ ಜಾಗದಲ್ಲಿ ಓದುವಾಗ ಒಂದಿಷ್ಟು ಸಿದ್ಧತೆ ಇರಲೇಬೇಕು. ಕವಿತೆಗಿಂತ ಪೀಠಿಕೆಯೇ ಉದ್ದವಾಗುವ ನಮ್ಮ ಹಳೆಯ ಅಭ್ಯಾಸವನ್ನು ಈ ಬಾರಿ ಬಿಡೋಣ. ಮೊಬೈಲಿನಲ್ಲಿ ನೋಡಿ ಓದುವಾಗ ಸಾಲು ಮೇಲೆ ಕೆಳಗೆ ಜಾರಿ ತಡವರಿಸುವುದುಂಟು. ಆದ್ದರಿಂದ ದೊಡ್ಡ ಅಕ್ಷರದ ಮುದ್ರಿತ ಪ್ರತಿ ತನ್ನಿ, ಇನ್ನೊಂದನ್ನು ನಿರೂಪಕರಿಗೆ ಕೊಡಿ. ತುಳು, ಕೊಂಕಣಿ, ಬ್ಯಾರಿ ಕವಿತೆಗಳನ್ನು ಓದುವವರು ಅದರ ಕನ್ನಡ ಸಾರಾಂಶವನ್ನು ಎರಡು ಮಾತುಗಳಲ್ಲಿ ಹೇಳಿದರೆ ಘಟ್ಟದ ಮೇಲಿನಿಂದ ಬಂದ ವಿದ್ಯಾರ್ಥಿಗಳಿಗೆ ಅನುಕೂಲ.

ತಮ್ಮ ಸರದಿ ಮುಗಿದ ಕೂಡಲೇ ಎದ್ದು ಹೋಗುವುದು ಉಳಿದವರಿಗೆ ತೋರುವ ಅಗೌರವವೆಂದೇ ನಮ್ಮ ಭಾವನೆ. ಓದಲು ಇಚ್ಛಿಸುವವರು ಗುರುವಾರ ರಾತ್ರಿಯೊಳಗೆ ಇದೇ ಗುಂಪಿನಲ್ಲಿ ಹೆಸರು, ಕವಿತೆಯ ಶೀರ್ಷಿಕೆ ಹಾಗೂ ಭಾಷೆಯನ್ನು ತಿಳಿಸಬೇಕು.