ಕ್ಲೋರಿನೇಟರ್ ಲೈನ್ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ನಮ್ಮಿಂದ ಈಜುಕೊಳಕ್ಕೆ ಉಪ್ಪುನೀರಿನ ಕ್ಲೋರಿನೇಟರ್ (ನೀರಿಗೆ ಹಾಕಿದ ಉಪ್ಪಿನಿಂದಲೇ ಕ್ಲೋರಿನ್ ಮಾಡುವ ಮಷಿನ್) ಹಾಕಿಸಿಕೊಂಡವರಿಗೂ, ಕೊಟೇಶನ್ ತಗೊಂಡು ಕಾಯುತ್ತಿರುವವರಿಗೂ ಈ ಪತ್ರ.

ಮುಂದಿನ ತಿಂಗಳಿಂದ ಮೇನ್ ಬೋರ್ಡಿನಿಂದ ಪಂಪ್ ರೂಮಿಗೆ ಬೇರೆ ಲೈನ್, ಒಳ್ಳೆ ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸ್ವಲ್ಪ ಸೋರಿದರೂ ಲೈನ್ ಕಡಿಯುವ ಸ್ವಿಚ್), ಇವು ಮೂರೂ ಇಲ್ಲದ ಕಡೆ ನಾವು ಮಷಿನ್ ಕೂರಿಸುವುದಿಲ್ಲ. ಖರ್ಚು ಜಾಸ್ತಿ ಆಗುತ್ತದೆ, ಅದೂ ಬೇಸಿಗೆ ಹೊತ್ತಿನಲ್ಲಿ. ಅದಕ್ಕೆ ಕ್ಷಮಿಸಿ. ಆದರೆ ತಾಮ್ರದ ವೈರಿನ ರೇಟು ನಮ್ಮ ಕೈಯಲ್ಲಿಲ್ಲ. ಸಾಮಾನಿನ ಬಿಲ್ ಹಾಗೇ ನಿಮ್ಮ ಕೈಗೆ ಕೊಡುತ್ತೇವೆ, ಅದರ ಮೇಲೆ ಒಂದು ರೂಪಾಯಿ ಇಟ್ಟುಕೊಳ್ಳುವುದಿಲ್ಲ.

"ಎಂಸಿಬಿ ಇದೆಯಲ್ರೀ, ಸಾಕಲ್ವಾ?" ಅಂತ ಕೇಳುತ್ತಾರೆ. ಸಾಲದು. ಎಂಸಿಬಿ ಬೀಳುವುದು ಲೋಡ್ ಮೀರಿದಾಗ ಅಥವಾ ಶಾರ್ಟ್ ಆದಾಗ. ಒದ್ದೆ ಮೈಯಲ್ಲಿ ಸ್ಟೀಲ್ ಏಣಿ ಹಿಡಿದ ಮಗುವಿಗೆ ಹೊಡೆಯುವಷ್ಟು ಸಣ್ಣ ಸೋರಿಕೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಇನ್ನು ಮಷಿನಿಗೆ ಕರೆಂಟ್ ಪಂಪಿನ ಟೈಮರ್ ದಾಟಿಯೇ ಬರಬೇಕು. ಪಂಪ್ ನಿಂತು, ನೀರು ಹರಿಯದೆ, ಸೆಲ್ (ಮಷಿನಿನಲ್ಲಿ ಕ್ಲೋರಿನ್ ಮಾಡುವ ಪ್ಲೇಟುಗಳ ಭಾಗ) ಮಾತ್ರ ನಡೆಯುತ್ತಿದ್ದರೆ ಒಳಗೆ ಹೈಡ್ರೋಜನ್ ತುಂಬಿಕೊಂಡು ಪೈಪೇ ಒಡೆಯಬಹುದು. ನೀರು ಹರಿಯದಿದ್ದರೆ ಸೆಲ್ ನಿಲ್ಲಿಸುವ ಫ್ಲೋ ಸ್ವಿಚ್ ಇದ್ದೇ ಇರುತ್ತದೆ, ಆದರೂ ಅದೊಂದನ್ನೇ ನಂಬಿ ಬಿಡುವುದಕ್ಕೆ ನಮಗೆ ಧೈರ್ಯವಿಲ್ಲ. ತೋಟದ ಮನೆಯವರು ಕೆಲವರು ಪಂಪ್‌ಸೆಟ್ ಲೈನಿನಿಂದಲೇ ಎಳೆದುಕೊಡಿ ಅನ್ನುತ್ತಾರೆ. ಅದು ಬೆಳೆಗೆ ಕೊಟ್ಟ ಕರೆಂಟು. ಎಷ್ಟೇ ಹಳೆ ಪರಿಚಯ ಇರಲಿ, ಆ ಕೆಲಸ ನಾವು ಮಾಡುವುದಿಲ್ಲ.

ಈಗ ಗ್ರಾಹಕರು ಹೇಳುವ ಒಂದು ದೂರಿಗೆ ಬರೋಣ. "ನಿಮ್ಮ ಮಷಿನ್ ಬಂದ ಮೇಲೆ ಕರೆಂಟ್ ಬಿಲ್ ಏರಿತು." ಕೇಳಿ ಕೇಳಿ ಸಾಕಾಗಿದೆ, ಲೆಕ್ಕ ಹಾಕಿಯೇ ಹೇಳುತ್ತೇವೆ. ಮನೆ ಕೊಳದ ಮಷಿನ್ ಎಳೆಯುವುದು ಸುಮಾರು 180 ವ್ಯಾಟ್. 230 ವೋಲ್ಟಿಗೆ ಒಂದು ಆಂಪಿಯರೂ ಆಗುವುದಿಲ್ಲ. ಎಂಟು ಗಂಟೆ ಪೂರ್ತಿ ಓಡಿದರೂ ಒಂದೂವರೆ ಯೂನಿಟ್ ಒಳಗೇ. ಕ್ಲೋರಿನ್ ಎಷ್ಟು ಬೇಕೋ ಹೊಂದಿಸುವ ನಾಬ್ 50 ಪರ್ಸೆಂಟಿಗೆ ಇಟ್ಟರೆ ಸೆಲ್ ಅರ್ಧ ಹೊತ್ತು ಮಾತ್ರ ಕೆಲಸ ಮಾಡುತ್ತದೆ, ಅಂದರೆ ಅದರ ಅರ್ಧ. ಪಕ್ಕದಲ್ಲಿ ಕೂತ ಒಂದೂವರೆ ಎಚ್‌ಪಿ ಪಂಪ್ ಮಾತ್ರ ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ ತಿನ್ನುತ್ತದೆ, ಎಂಟು ಗಂಟೆಗೆ 12. ಮೊದಲು ಬ್ಲೀಚಿಂಗ್ ಪೌಡರ್ ಹಾಕಿ ಪಂಪ್ ನಾಲ್ಕು ಗಂಟೆ ಓಡಿಸುತ್ತಿದ್ದವರು ಈಗ ಎಂಟು ಗಂಟೆ ಓಡಿಸುತ್ತಾರೆ. ಬಿಲ್ ಏರುವುದು ಅಲ್ಲಿ. ಮಷಿನ್ ಕ್ಲೋರಿನ್ ಮಾಡುವುದು ಸ್ವಲ್ಪ ಸ್ವಲ್ಪವಾಗಿ, ಅದಕ್ಕೇ ಹೊತ್ತು ಬೇಕು, ನಿಜ. ಆದರೆ ಸುಮ್ನೆ ಮಷಿನನ್ನು ಬೈಯಬೇಡಿ!

ಹೊತ್ತು ಕಡಿಮೆ ಮಾಡಲು ದಾರಿ ಇದೆ. ನಮ್ಮ ಕಡೆ ಬಿಸಿಲಿಗೆ ಬಯಲಿನ ಕೊಳದ ಕ್ಲೋರಿನ್ ಮಧ್ಯಾಹ್ನದೊಳಗೇ ಬಹಳಷ್ಟು ಹಾರಿಹೋಗುತ್ತದೆ. ಬಿಸಿಲಿಗೆ ಕ್ಲೋರಿನ್ ಬೇಗ ಹಾರದಂತೆ ತಡೆಯುವ ಸಯನ್ಯೂರಿಕ್ ಆಸಿಡ್ ಅಳತೆಗೆ ಹಾಕಿ, ಪಂಪನ್ನು ಅರ್ಧ ಹೊತ್ತು ಸಂಜೆ ಮೇಲೆ ಓಡಿಸಿ. ಇನ್ನೊಂದು, ಬೋರ್ ನೀರು ಗಡಸು. ಸೆಲ್ ಬಿಚ್ಚಿದರೆ ಪ್ಲೇಟಿನ ಸಂದಿನಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ, ಒಮ್ಮೊಮ್ಮೆ ಬೆಳಕೇ ಆಚೆ ಕಾಣುವುದಿಲ್ಲ. ಕ್ಲೋರಿನ್ ಸಾಲದು ಅಂತ ನಾಬ್ ತಿರುಗಿಸುತ್ತಾ ಹೋಗುವ ಬದಲು ನಮ್ಮ ಹುಡುಗರನ್ನು ಕರೆಯಿರಿ, ತೆಳು ಆಸಿಡ್ಡಿನಲ್ಲಿ ತೊಳೆದುಕೊಡುತ್ತಾರೆ. ಚಾಕುವಿನಿಂದ ಕೆರೆಯಬೇಡಿ, ಟೈಟಾನಿಯಂ ಮೇಲಿನ ಲೇಪ ಹೋದರೆ ಸೆಲ್ ಮುಗಿಯಿತು.

ಹಳೆ ಗ್ರಾಹಕರು ಹೆದರಬೇಡಿ. ನಿಮ್ಮ ಅರ್ಥಿಂಗ್ ನಾವೇ ಬಂದು ಚೆಕ್ ಮಾಡುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ. ಆರ್‌ಸಿಸಿಬಿ ಬೇಕಾದರೆ ಅದರ ದುಡ್ಡು ಮಾತ್ರ. ಫೋನ್ ಮಾಡುವ ಮೊದಲು ಪಂಪಿನ ಪ್ಲೇಟಿನ ಮೇಲೆ ಎಷ್ಟು ಎಚ್‌ಪಿ ಅಂತ ಬರೆದಿದೆ ನೋಡಿಕೊಂಡಿರಿ, ಸಾಮಾನು ಒಂದೇ ಸಲ ತರಬಹುದು.