ನನಗೆ ಓದಿ ಹೇಳಿದ ಎಲ್ಲರಿಗೂ

ಡಾಕ್ಟರು ಕಣ್ಣು ನೋಡಿ, 'ಇನ್ನು ಓದಬಹುದು' ಎಂದಿದ್ದಾರೆ. ಅವತ್ತೇ ಸಂಜೆ ಒಂದು ಪತ್ತೇದಾರಿ ಕಾದಂಬರಿ ಕೈಗೆತ್ತಿಕೊಂಡೆ. ಅದು ಮುಗಿಯಿತು. ಈಗ ಬಾಹ್ಯಾಕಾಶದ ಕಥೆಯೊಂದು ಅರ್ಧದಲ್ಲಿದೆ. ಅದನ್ನು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ನಿಮಗೆಲ್ಲ ಥ್ಯಾಂಕ್ಸ್ ಹೇಳದೆ ಮುಂದಿನ ಅಧ್ಯಾಯಕ್ಕೆ ಹೋಗಲು ಮನಸ್ಸು ಬರುತ್ತಿಲ್ಲ.

ಏನಾಗಿತ್ತು ಅಂತ ಕೆಲವರಿಗೆ ಪೂರ್ತಿ ಗೊತ್ತಿಲ್ಲ. ರೆಟಿನಾ, ಅಂದರೆ ಕಣ್ಣೊಳಗೆ ಬೆಳಕನ್ನು ಗ್ರಹಿಸುವ ತೆಳು ಪದರ, ಕಳಚಿಕೊಂಡಿತ್ತು. ಆಪರೇಷನ್ ಮಾಡಿ, ರೆಟಿನಾ ಮತ್ತೆ ಅಂಟಿಕೊಳ್ಳುವ ತನಕ ಅದನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗ್ಯಾಸ್ ತುಂಬಿದರು. ಗ್ಯಾಸ್ ಯಾವಾಗಲೂ ಮೇಲಕ್ಕೇ ಹೋಗುತ್ತದೆ. ರೆಟಿನಾ ಇರುವುದು ಕಣ್ಣಿನ ಹಿಂಭಾಗದಲ್ಲಿ. ಹಾಗಾಗಿ ಅದು ಸರಿಯಾದ ಜಾಗದಲ್ಲಿ ಒತ್ತಬೇಕಾದರೆ ತಲೆ ಬಗ್ಗಿಸಿಕೊಂಡೇ ಇರಬೇಕು. ಊಟಕ್ಕೆ, ನಿದ್ದೆಗೆ, ಪ್ರಾರ್ಥನೆಗೆ, ಎಲ್ಲದಕ್ಕೂ ಮುಖ ಕೆಳಗೆ. ತಲೆ ಎತ್ತಲು ಬಿಟ್ಟ ಮೇಲೂ ಆ ಕಣ್ಣಿಗೆ ಕಂಡದ್ದು ನೀರಿನ ಮಟ್ಟದಂಥ ಒಂದು ಅಲುಗಾಡುವ ಗೆರೆ. ಗ್ಯಾಸ್ ಕರಗಿದ ಹಾಗೆ ಆ ಗೆರೆ ನಿಧಾನವಾಗಿ ಕೆಳಗಿಳಿಯುತ್ತಾ ಹೋಗುತ್ತದೆ. ಇನ್ನೊಂದು ಕಣ್ಣು ಮೊದಲಿನಿಂದಲೂ ಮಬ್ಬು. ಓದುವ ಮಾತೇ ಇರಲಿಲ್ಲ.

ಓದೇ ಉಸಿರು ಅನ್ನುವವಳಿಗೆ ಇದು ಏನು ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಜಪಸರ ಕೈಯಲ್ಲಿ ಹಿಡಿದರೂ ಮನಸ್ಸು ನಿಲ್ಲುತ್ತಿರಲಿಲ್ಲ. ಭಕ್ತಿಯ ಪುಸ್ತಕ ಯಾರಾದರೂ ಓದಿದರೆ ಎರಡೇ ನಿಮಿಷಕ್ಕೆ ಭಯ ಒಳಗೆ ನುಗ್ಗುತ್ತಿತ್ತು. ದೃಷ್ಟಿ ಬರದಿದ್ದರೆ? ಇದೊಂದೇ ಪ್ರಶ್ನೆ.

ಇದನ್ನು ಮೊದಲು ಅರ್ಥ ಮಾಡಿಕೊಂಡವರು ನಮ್ಮ ಫಾದರ್. ಪರಮಪ್ರಸಾದ ಕೊಡಲು ಮನೆಗೆ ಬಂದವರು, ಪ್ರಾರ್ಥನೆ ಮುಗಿದ ಮೇಲೆ ಚೀಲದಿಂದ ಒಂದು ಪುಸ್ತಕ ತೆಗೆದು, 'ಕೂತು ಒಂದು ಕಥೆ ಓದಲಾ?' ಎಂದರು. ಚೆಸ್ಟರ್‌ಟನ್ ಬರೆದ, ಫಾದರ್ ಬ್ರೌನ್ ಎಂಬ ಪತ್ತೇದಾರಿ ಪಾದ್ರಿಯ ಕಥೆ. 1910ರಲ್ಲಿ ಬಂದ ಮೊದಲನೆಯದು. ನಾನು ಎಷ್ಟೋ ಸಲ ಓದಿದ್ದೆ. ಆದರೆ ಒಬ್ಬ ಗುರುಗಳ ಬಾಯಿಂದ ಕೇಳಿದಾಗ ಬೇರೆಯೇ ಆಗಿತ್ತು. ಆ ಕುಳ್ಳ ಪಾದ್ರಿಗೆ ಕಳ್ಳನ ಉಪಾಯ ಮೊದಲೇ ತಿಳಿಯುವುದು ಹೇಗೆ? ಪಾಪನಿವೇದನೆಯಲ್ಲಿ ಕೂತು ಜನರ ಪಾಪಗಳನ್ನು ಕೇಳಿದವನಿಗೆ ಕೆಟ್ಟತನ ಗೊತ್ತಿರುವುದಿಲ್ಲವೇ? ಆ ಸಾಲು ಬಂದಾಗ ನಮ್ಮ ಫಾದರ್ ಒಂದು ಕ್ಷಣ ನಿಲ್ಲಿಸಿದರು. ಆಮೇಲೆ ಓದು ಮುಂದುವರಿಸಿದರು. ಮುಂದಿನ ಕಥೆಗಳಲ್ಲಿ ಆ ಕಳ್ಳ ಫ್ಲಾಂಬೋ ಬದಲಾಗುತ್ತಾನೆ, ಪಾದ್ರಿಯ ಸ್ನೇಹಿತನಾಗುತ್ತಾನೆ. ಅಪರಾಧಿ ಸಿಕ್ಕಿಬೀಳುವ ಕಥೆಗಳು ಸಾವಿರ ಇವೆ. ಅಪರಾಧಿಯ ಆತ್ಮ ಉಳಿಯುವ ಕಥೆಗಳು ಕಡಿಮೆ. ನನಗೆ ಪತ್ತೇದಾರಿ ಕಥೆ ಇಷ್ಟವಾಗುವುದೇ ಇದಕ್ಕೆ: ಅಲ್ಲಿ ಪಾಪಕ್ಕೆ ಪಾಪ ಅಂತಲೇ ಹೆಸರು. ಸತ್ಯ ಅನ್ನುವುದೊಂದು ಇದ್ದೇ ಇದೆ, ಹುಡುಕಿದರೆ ಸಿಗುತ್ತದೆ.

ಫಾದರ್, ಆ ಸಂಜೆಗೆ ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆ ಕಥೆಗಳ ಹಿಂದೆ ಒಬ್ಬ ನಿಜವಾದ ಪಾದ್ರಿ ಇದ್ದರು, ಜಾನ್ ಓಕಾನರ್ ಅಂತ, 1922ರಲ್ಲಿ ಚೆಸ್ಟರ್‌ಟನ್ ಕಥೋಲಿಕರಾದಾಗ ಅವರನ್ನು ಧರ್ಮಸಭೆಗೆ ಬರಮಾಡಿಕೊಂಡವರೂ ಅವರೇ ಎಂದು ನೀವು ಹೇಳಿದಿರಿ. ಆ ರಾತ್ರಿ ಅದನ್ನೇ ಯೋಚಿಸುತ್ತಾ ನಿದ್ದೆ ಹೋದೆ. ಭಯ ಬರಲಿಲ್ಲ.

ಸಿಸ್ಟರ್‌ಗೆ ಬೇರೆಯೇ ಋಣ. ಅವರಿಗೆ ಸೈನ್ಸ್ ಫಿಕ್ಷನ್ ಎಂದರೆ ಆಗುವುದಿಲ್ಲ. ಆದರೂ ವಾಲ್ಟರ್ ಮಿಲ್ಲರ್ ಅವರ, ಲೈಬೋವಿಟ್ಸ್ ಮಠದ ಕಾದಂಬರಿಯನ್ನು ದಿನಾ ಸ್ವಲ್ಪ ಸ್ವಲ್ಪ ಓದಿ ಪೂರ್ತಿ ಮುಗಿಸಿದರು. ಅಣುಯುದ್ಧದಲ್ಲಿ ಲೋಕವೇ ಹಾಳಾದ ಮೇಲೆ, ಸನ್ಯಾಸಿಗಳು ಅಳಿದುಳಿದ ವಿಜ್ಞಾನದ ಕಾಗದಗಳನ್ನು ಶತಮಾನಗಟ್ಟಲೆ ನಕಲು ಮಾಡಿ ಕಾಪಾಡುವ ಕಥೆ ಅದು. ಏನು ಬರೆದಿದೆ ಅಂತ ಅವರಿಗೇ ಅರ್ಥವಾಗುವುದಿಲ್ಲ. ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿದ್ದವರು. 1944ರಲ್ಲಿ ಇಟಲಿಯ ಮಾಂಟೆ ಕಸಿನೋದ ಪುರಾತನ ಮಠವನ್ನು ನೆಲಸಮ ಮಾಡಿದ ದಾಳಿಯಲ್ಲಿ ಅವರೂ ಇದ್ದರು. ಯುದ್ಧ ಮುಗಿದ ಮೇಲೆ ಕಥೋಲಿಕರಾದರು. ಆ ಪುಸ್ತಕಕ್ಕೆ 1961ರಲ್ಲಿ ಸೈನ್ಸ್ ಫಿಕ್ಷನ್‌ಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಮಠ ಒಡೆದ ಕೈಯೇ ಮಠದ ಕಥೆ ಬರೆಯಿತು ಎಂದಾಗ ಸಿಸ್ಟರ್ ತುಂಬಾ ಹೊತ್ತು ಮಾತಾಡಲಿಲ್ಲ. ಸಿಸ್ಟರ್, ನಿಮಗೆ ಇಷ್ಟವಿಲ್ಲದ ಪುಸ್ತಕವನ್ನು ನನಗೋಸ್ಕರ ಒಂದು ಪುಟವೂ ಬಿಡದೆ ಓದಿದಿರಿ. ಆ ಸನ್ಯಾಸಿಗಳು ಮಾಡಿದ್ದೂ ಅದನ್ನೇ ಅಲ್ವಾ?

ಅಕ್ಕನ ಮಗಳ ಪಾಲು ಫ್ಯಾಂಟಸಿ. ಟೋಲ್ಕಿನ್ ಅವರ ಉಂಗುರದ ಕಥೆಯನ್ನು ಅವಳು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಎಲ್ಲ ಪಾತ್ರಗಳಿಗೂ ಬೇರೆ ಬೇರೆ ದನಿ! ರಾತ್ರಿ ನಿದ್ದೆ ಬಾರದಾಗ ಅದನ್ನೇ ಹಾಕಿಕೊಳ್ಳುತ್ತಿದ್ದೆ. ಇಲ್ಲಿ ಒಂದು ವಿಷಯ ಹೇಳಲೇಬೇಕು, ಪುಟ್ಟಿ. ಆ ಕಥೆಯಲ್ಲಿ ಉಂಗುರ ನಾಶವಾಗುವ ದಿನ ಮಾರ್ಚ್ 25. ಅದು ನಮ್ಮ ಮಂಗಳವಾರ್ತೆಯ ಹಬ್ಬ. ದೇವದೂತ ಗಬ್ರಿಯೇಲ ಮಾತೆ ಮರಿಯಳ ಬಳಿಗೆ ಬಂದ ದಿನ.

ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ವಿಷಯವೂ ಇಲ್ಲಿಗೇ ಬಂದು ಸೇರುತ್ತದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದಾಗ ಅವರು ಓದಲು ಬೇಕೆಂದು ಕೇಳಿದ್ದು ವೀರಯೋಧರ ರಮ್ಯ ಕಥೆಗಳನ್ನು. ಅವು ಮನೆಯಲ್ಲಿ ಇರಲಿಲ್ಲ. ಕ್ರಿಸ್ತರ ಜೀವನ ಮತ್ತು ಸಂತರ ಕಥೆಗಳ ಪುಸ್ತಕ ಕೊಟ್ಟರು. ಅವು ಅವರ ಬದುಕನ್ನೇ ತಿರುಗಿಸಿದವು. ಈ ಕಥೆಯನ್ನು ಚರ್ಚಿನ ಪ್ರಸಂಗಗಳಲ್ಲಿ ಎಲ್ಲರೂ ಹೇಳುತ್ತಾರೆ, ರಮ್ಯ ಕಥೆಗಳೆಲ್ಲ ವ್ಯರ್ಥ ಎನ್ನುವ ಹಾಗೆ. ಆದರೆ ಮರುವರ್ಷ ಮೊಂಟ್ಸೆರಾಟ್ ಮಠದಲ್ಲಿ ಅವರು ಮಾಡಿದ್ದೇನು? ಆ ಕಥೆಗಳ ಯೋಧರ ಹಾಗೆಯೇ ಮಾತೆ ಮರಿಯಳ ಪೀಠದ ಮುಂದೆ ರಾತ್ರಿಯಿಡೀ ಎಚ್ಚರವಿದ್ದರು. ತಮ್ಮ ಕತ್ತಿಯನ್ನು ಅಲ್ಲೇ ಬಿಟ್ಟರು. ಅದೂ ಮಂಗಳವಾರ್ತೆಯ ಹಬ್ಬದ ಹಿಂದಿನ ರಾತ್ರಿ. ತಾವು ಓದಿದ ಕಥೆಗಳು ಮನಸ್ಸಿನಲ್ಲಿದ್ದವು ಎಂದು ಅವರ ಆತ್ಮಕಥನದಲ್ಲೇ ಇದೆ. ದೇವರು ಆ ಕಥೆಗಳನ್ನು ಎಸೆಯಲಿಲ್ಲ, ಬಳಸಿಕೊಂಡರು. ನನಗೆ ಹಾಗೇ ಅನಿಸುತ್ತದೆ.

'ಇಷ್ಟು ಕಷ್ಟದಲ್ಲೂ ಕೊಲೆ, ರಾಕ್ಷಸರು, ರಾಕೆಟ್ಟೇ ಬೇಕಾ?' ಎಂದು ಪ್ರೀತಿಯಿಂದ ಕೇಳಿದವರೂ ಇದ್ದೀರಿ. ನಿಮ್ಮ ಕಾಳಜಿಗೆ ಧನ್ಯವಾದ. ಪೋಪ್ ಫ್ರಾನ್ಸಿಸ್ 2024ರಲ್ಲಿ ಸಾಹಿತ್ಯದ ಬಗ್ಗೆಯೇ ಒಂದು ಪತ್ರ ಬರೆದಿದ್ದರು. ದಣಿವು, ಸೋಲು, ಬೇಸರದ ಹೊತ್ತಿನಲ್ಲಿ ಪ್ರಾರ್ಥನೆಯಿಂದಲೂ ಮನಸ್ಸಿಗೆ ಸಮಾಧಾನ ಸಿಗದಿದ್ದಾಗ, ಒಂದು ಒಳ್ಳೆಯ ಪುಸ್ತಕ ಆ ಬಿರುಗಾಳಿಯನ್ನು ದಾಟಿಸಬಹುದು ಅನ್ನುವ ಮಾತು ಅದರಲ್ಲಿದೆ. ನನಗೆ ಆದದ್ದು ಅಕ್ಷರಶಃ ಅದೇ. ಕಥೆ ಕೇಳುತ್ತಾ ಕೇಳುತ್ತಾ ಮನಸ್ಸು ನನ್ನ ಕಣ್ಣನ್ನು ಬಿಟ್ಟು ಬೇರೆಯವರ ಕಷ್ಟದ ಕಡೆ ಹೋಯಿತು. ಆಮೇಲೆ ಒಂದು ದಿನ ಜಪಸರ ಕೊನೆಯ ಮಣಿಯವರೆಗೂ ಮುಗಿಯಿತು.

ಡಾಕ್ಟರಿಗೆ, ನರ್ಸ್‌ಗಳಿಗೆ, ಹೊತ್ತುಹೊತ್ತಿಗೆ ಕಣ್ಣಿಗೆ ಡ್ರಾಪ್ಸ್ ಹಾಕಿದ ನಮ್ಮವರಿಗೆ, ಬಲಿಪೂಜೆಯಲ್ಲಿ ನನ್ನ ಹೆಸರು ಹೇಳಿ ಪ್ರಾರ್ಥಿಸಿದ ಎಲ್ಲರಿಗೂ ನನ್ನ ನಮಸ್ಕಾರ.

ಇನ್ನು ನನ್ನ ಸರದಿ. ನಮ್ಮ ಧರ್ಮಕೇಂದ್ರದಲ್ಲಿ ಓದಲಾಗದ ಹಿರಿಯರು ಇದ್ದಾರೆ. ಒಬ್ಬರಿಗೆ ಥ್ರಿಲ್ಲರ್ ಅಂದರೆ ಪ್ರಾಣ ಅಂತ ಫಾದರ್ ಈಗಾಗಲೇ ಹೇಳಿದ್ದಾರೆ. ಬರುವ ಭಾನುವಾರ ಪೂಜೆಯ ನಂತರ ಅವರ ಮನೆಗೆ ಹೋಗುತ್ತಿದ್ದೇನೆ. ಇನ್ನೂ ಯಾರಿಗಾದರೂ ಓದಿ ಹೇಳುವವರು ಬೇಕಿದ್ದರೆ ದಯವಿಟ್ಟು ತಿಳಿಸಿ. ಯಾವ ಪುಸ್ತಕ ಅಂತ ಅವರೇ ಆರಿಸಲಿ.